ಚಿನ್ನದ ಕೈಗೊಂದು ವಿಮೆ

ಅವನನ್ನು ಹೆಸರು ಹಿಡಿದು ಕರೆಯುವವರು ಆ ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ಒಂದ್ವೇಳಪ್ಪ ಅಂದರೆ ಸಾಕು, ಎಲ್ಲರಿಗೂ ಗುರುತು ಸಿಗುತ್ತಿತ್ತು. ಹದಿನಾಲ್ಕು ವರ್ಷದಿಂದ ವಿಮೆ ಮಾರುತ್ತಿದ್ದ ಈ ಮನುಷ್ಯನಿಗೆ ‘ಒಂದುವೇಳೆ’ ಎನ್ನದೆ ಮಾತು ಶುರು ಮಾಡಲು ಬರುತ್ತಿರಲಿಲ್ಲ. ಒಂದುವೇಳೆ ನಿಮ್ಮ ಸೊಂಟ ಹಿಡಿದುಕೊಂಡರೆ? ಒಂದುವೇಳೆ ಏಣಿ ಜಾರಿದರೆ? ಎದುರಿಗಿದ್ದವರಿಗೆ ಎರಡನೆಯ ಒಂದುವೇಳೆಗೆ ಗಡಿಯಾರ ನೆನಪಾಗುತ್ತಿತ್ತು, ಮೂರನೆಯದಕ್ಕೆ ಒಲೆಯ ಮೇಲಿಟ್ಟು ಬಂದ ಹಾಲು ನೆನಪಾಗುತ್ತಿತ್ತು. ಔಷಧಿ ಅಂಗಡಿಯವನಂತೂ ದೂರದಲ್ಲಿ ಆ ಕಂದು ಚೀಲ ಕಂಡ ತಕ್ಷಣ ಷಟರನ್ನು ಅರ್ಧಕ್ಕೆ ಎಳೆದು ಕೌಂಟರಿನ ಹಿಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಒಂದ್ವೇಳಪ್ಪ ಷಟರಿನ ಕೆಳಗೆ ಬಗ್ಗಿ, ಹೀಗೆ ದಿನಾ ಕುಕ್ಕರುಗಾಲಲ್ಲಿ ಕೂತರೆ ಮಂಡಿ ಹೋಗುತ್ತದೆ, ಹೋದರೆ ತನಗೆ ಹೇಳಿಕಳಿಸಿ ಎಂದು ಹೇಳಿ ಮುಂದೆ ನಡೆಯುತ್ತಿದ್ದ.

ಅವನು ಮಾರುತ್ತಿದ್ದ ವಿಮೆಯೂ ಅಂಥದ್ದೇ. ಸತ್ತರೆ ದುಡ್ಡು ಕೊಡುವ ವಿಮೆ ಮಾರುವುದು ಸುಲಭ. ಸಾವನ್ನು ಎಲ್ಲರೂ ಹೇಗೋ ಒಪ್ಪಿಕೊಂಡಿರುತ್ತಾರೆ, ಹೆಂಡತಿ ಮಕ್ಕಳ ಮುಂದೆ ಆ ಮಾತು ಎತ್ತುವಾಗ ದನಿಗೆ ಒಂದು ಗತ್ತೂ ಬರುತ್ತದೆ. ಇವನದು ಸಾಯದೆ ಉಳಿದವರ ವಿಮೆ. ಪೆಟ್ಟೋ ಕಾಯಿಲೆಯೋ ಆಗಿ ದುಡಿಯಲಾಗದೆ ಮನೆಯಲ್ಲಿ ಕೂತರೆ, ಮೊದಲು ಮೂರು ತಿಂಗಳು ಕಾಯಿಸಿ, ಆಮೇಲೆ ಬರುತ್ತಿದ್ದ ಸಂಪಾದನೆಯ ಒಂದು ಪಾಲನ್ನು ತಿಂಗಳು ತಿಂಗಳು ಮನೆಗೆ ಕಳಿಸುವ ವಿಮೆ. ಇದನ್ನು ಕೇಳಿದ ಗಂಡಸರೆಲ್ಲ ತೋಳು ಮಡಿಸಿ ತೋರಿಸುತ್ತಿದ್ದರು. ಸಾಯುವುದಕ್ಕೆ ತಯಾರಿದ್ದ ಗಟ್ಟಿಗರು ಬೆನ್ನುನೋವಿಗೆ ತಯಾರಿರಲಿಲ್ಲ.

ಅದರಲ್ಲೂ ಎರಡು ಬಗೆ ಇತ್ತು. ಅಗ್ಗದ ಪಾಲಿಸಿ, ಯಾವ ಕೆಲಸವನ್ನೂ ಮಾಡಲಾಗದ ಸ್ಥಿತಿ ಬಂದರೆ ಮಾತ್ರ ಹಣ ಕೊಡುತ್ತಿತ್ತು. ದುಬಾರಿಯದು ‘ಸ್ವಂತ ಕಸುಬಿನ ಪಾಲಿಸಿ’: ಬೇರೆ ಏನು ಬೇಕಾದರೂ ಮಾಡಿಕೊಂಡಿರಿ, ನಿಮ್ಮ ಕಸುಬು ಮಾಡಲು ಆಗುವುದಿಲ್ಲ ಅಂದರೆ ಹಣ ಕೊಡುತ್ತೇವೆ ಎನ್ನುತ್ತಿತ್ತು. ಹಾಗಾಗಿ ಅರ್ಜಿಯಲ್ಲಿ ಕಸುಬು ಯಾವುದೆಂದು ಬರೆಯುವ ಆ ಒಂದು ಸಾಲಿನಲ್ಲೇ ಎಲ್ಲಾ ಇರುತ್ತಿತ್ತು. ಒಂದ್ವೇಳಪ್ಪ ಇದನ್ನು ಕಲಿತದ್ದು ತರಬೇತಿಯಲ್ಲಲ್ಲ, ತನ್ನ ಮೊದಲ ಗಿರಾಕಿಯಿಂದ. ಅವನೊಬ್ಬ ಅಡುಗೆಯವ. ತನ್ನದೇ ನಾಲ್ಕು ಮೇಜಿನ ಹೋಟೆಲಿನಲ್ಲಿ ದಿನವಿಡೀ ಒಲೆಯ ಮುಂದೆ ನಿಂತು ದುಡಿಯುತ್ತಿದ್ದವನು, ಅರ್ಜಿಗೆ ಮಾತ್ರ ‘ಹೋಟೆಲ್ ಮಾಲೀಕರು’ ಎಂದು ಬರೆಸಿದ. ಕೇಳಲು ಚೆನ್ನಾಗಿತ್ತು. ಎರಡು ವರ್ಷಕ್ಕೆ ಕಾದ ಎಣ್ಣೆ ಬಿದ್ದು ಬಲಗೈ ಸೊಟ್ಟಗಾಯಿತು. ಕಂಪನಿಯವರು ಬಂದು ನೋಡಿ, ಮಾಲೀಕರಿಗೆ ಗಲ್ಲಾದಲ್ಲಿ ಕೂರಲು ಬಲಗೈ ಯಾಕೆ, ಚಿಲ್ಲರೆಯನ್ನು ಎಡಗೈಯಲ್ಲೂ ಕೊಡಬಹುದಲ್ಲ ಎಂದು ಬರೆದು ಕೈತೊಳೆದುಕೊಂಡರು. ಅಡುಗೆಯವ ಒಂದು ಮಾತೂ ಬೈಯಲಿಲ್ಲ. ಈಗಲೂ ಎದುರು ಸಿಕ್ಕರೆ ಎಡಗೈ ಎತ್ತಿ ಮಾತಾಡಿಸುತ್ತಾನೆ, ಆ ದಿನ ಒಂದ್ವೇಳಪ್ಪನಿಗೆ ಊಟ ಸೇರುವುದಿಲ್ಲ.

ಅಲ್ಲಿಂದೀಚೆಗೆ ಅವನು ಯಾರ ಬಾಯಿಮಾತನ್ನೂ ನಂಬಿ ಅರ್ಜಿ ತುಂಬಲಿಲ್ಲ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೈ, ಕಣ್ಣು, ಕಾಲು, ಸೊಂಟ, ಬಾಯಿ ಎಂದು ಐದು ಅಂಕಣ ಮಾಡಿಕೊಂಡ. ಗಿರಾಕಿಯ ಕೆಲಸದ ಜಾಗದಲ್ಲಿ ಒಂದು ಇಡೀ ದಿನ ಸ್ಟೂಲ್ ಹಾಕಿಕೊಂಡು ಕೂತು, ಐದೈದು ನಿಮಿಷಕ್ಕೊಮ್ಮೆ ಆ ಮನುಷ್ಯನ ಯಾವ ಅಂಗ ದುಡಿಯುತ್ತಿದೆಯೋ ಅದರ ಕೆಳಗೆ ಗೀಟು ಹಾಕುತ್ತಿದ್ದ. ಸಂಪಾದನೆಯಲ್ಲಿ ಅರ್ಧ ಪಾಲು ಕಾಲಿನದು ಎಂದು ದರ್ಜಿಗೆ ಮೊದಲು ತಿಳಿಸಿದವನೇ ಇವನು. ಆಫೀಸಿನಲ್ಲಿ ಮ್ಯಾನೇಜರು ನಗುತ್ತಿದ್ದರು, ಬೇರೆಯವರು ಐದು ಪಾಲಿಸಿ ಮಾಡುವ ಹೊತ್ತಿಗೆ ಇವನದು ಒಂದೂಕಾಲು ಆಗಿರುತ್ತಿತ್ತು. ಆದರೆ ಇವನು ಗೀಟು ಹಾಕಿ ಮಾಡಿಸಿದ ಒಂದು ಪಾಲಿಸಿಯನ್ನೂ ಕಂಪನಿ ಇಲ್ಲಿಯವರೆಗೆ ತಿರಸ್ಕರಿಸಿರಲಿಲ್ಲ.

ಊರಿಗೆಲ್ಲ ಮಾರಿದರೂ ಒಬ್ಬರಿಗೆ ಮಾತ್ರ ಮಾರಲಾಗಿರಲಿಲ್ಲ. ಅವನ ಅಕ್ಕನ ಗಂಡ, ಭಾವ. ಭಾವನದು ಹಲ್ಲಿನ ಸೆಟ್ಟು ಮಾಡುವ ಕಸುಬು. ಊರಿನ ನಾಲ್ಕು ಜನ ದಂತವೈದ್ಯರು ಬೊಚ್ಚುಬಾಯಿಗಳ ಅಚ್ಚು ತೆಗೆದು ಕಳಿಸುತ್ತಿದ್ದರು. ಭಾವನ ಅಂಗಡಿಯಿಂದ ಅದಕ್ಕೆ ತಕ್ಕ ಹಲ್ಲು ಹೋಗುತ್ತಿತ್ತು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಗೋಡೆಯ ಉದ್ದಕ್ಕೂ ಕಪಾಟು, ಕಪಾಟಿನ ತುಂಬ ಸುಣ್ಣಬಿಳಿಯ ದವಡೆಗಳು, ಪ್ರತಿ ದವಡೆಯ ಹಣೆಗೂ ಒಂದು ಚೀಟಿ. ಭಾವ ಕೈಯಾಡಿಸಿದರೆ ಹಲ್ಲು ಹುಟ್ಟಿಬಂದ ಹಾಗೆ ಕೂರುತ್ತದೆ, ಚಿನ್ನದ ಕೈ ಎಂದು ಊರೇ ಹೇಳುತ್ತಿತ್ತು. ಊರು ಹೇಳುವುದಕ್ಕೆ ಮುಂಚೆ ಭಾವನೇ ಹೇಳುತ್ತಿದ್ದರು. ಒಂಬತ್ತು ವರ್ಷ ಅವರು ಭಾವಮೈದುನನ ವಿಮೆಗೆ ಸೊಪ್ಪು ಹಾಕಲಿಲ್ಲ. ತಮ್ಮ ಕೈಗೆ ಏನೂ ಆಗುವುದಿಲ್ಲವೆಂದು ಆ ಕೈಯನ್ನೇ ಮುಖದ ಮುಂದೆ ಆಡಿಸಿ ತೋರಿಸುತ್ತಿದ್ದರು.

ಹೀಗಿರುವಾಗ ಭಾವನಿಗೆ ಹೆಚ್ಚು ಕೆಲಸ ಕೊಡುತ್ತಿದ್ದ ದಂತವೈದ್ಯರು ಬಚ್ಚಲಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡರು. ನಾಲ್ಕು ತಿಂಗಳು ಕ್ಲಿನಿಕ್ಕಿಗೆ ಬೀಗ. ನೋಡಲು ಹೋದ ಭಾವನಿಗೆ ಅಲ್ಲಿ ಏನು ಕಂಡಿತೋ, ಮನೆಗೆ ಬಂದವರೇ ಫೋನ್ ಮಾಡಿ, ಆ ನಿನ್ನ ಕಾಗದ ತಗೊಂಡು ಬಾ ಎಂದರು. ಒಂದ್ವೇಳಪ್ಪನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಒಂಬತ್ತು ವರ್ಷದ ಆಸೆ. ಅಕ್ಕನ ಮನೆ ಒಬ್ಬರ ಕೈಯ ಮೇಲೆ ನಿಂತಿದೆ, ಆ ಕೈ ನಿಂತರೆ ಅಕ್ಕನ ಗತಿಯೇನು ಎಂಬ ಚಿಂತೆ ಅವನಿಗೆ ನಿಜಕ್ಕೂ ಇತ್ತು. ಕಮಿಷನ್ನಿನ ಆಸೆಯೂ ಇತ್ತು, ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಅವನು ಅರ್ಜಿ ತಂದುಕೊಟ್ಟ ಎರಡನೆಯ ದಿನಕ್ಕೆ ಭಾವ ತಾವೇ ಅದನ್ನು ದಪ್ಪ ಅಕ್ಷರದಲ್ಲಿ ತುಂಬಿ ಊಟದ ಮೇಜಿನ ಮೇಲೆ ಇಟ್ಟಿದ್ದರು. ಕಸುಬು: ದಂತಶಿಲ್ಪಿ. ಹೆಂಡತಿ: ಗೃಹಿಣಿ, ಆದಾಯ ಇಲ್ಲ. ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು: ನಿಮ್ಮಿಂದ ಆಗದಿದ್ದಾಗ ನಿಮ್ಮ ಕೆಲಸವನ್ನು ಮಾಡಬಲ್ಲವರು ಬೇರೆ ಯಾರಾದರೂ ಇದ್ದಾರೆಯೇ? ಭಾವ ಅಲ್ಲಿ ‘ಯಾರೂ ಇಲ್ಲ’ ಎಂದು ಬರೆದು, ಅದು ಸಾಲದೆಂದು ಕೆಳಗೆ ಎರಡು ಗೆರೆ ಎಳೆದಿದ್ದರು.

ಒಂದ್ವೇಳಪ್ಪ ಓದಿ, ದಂತಶಿಲ್ಪಿ ಅಂದರೆ ಕಂಪನಿಗೆ ಅರ್ಥವಾಗುವುದಿಲ್ಲ, ನಾಳೆ ಬಂದು ಒಂದು ದಿನ ಕೂರುತ್ತೇನೆ, ಗೀಟು ಹಾಕಿ ಬರೆಯೋಣ ಎಂದ. ಭಾವ ಮುಖ ಸಿಂಡರಿಸಿದರು. ಮನೆಯವನೇ ಆಗಿ ನಂಬಿಕೆ ಇಲ್ಲವಾ ಎಂದು ಕೇಳಿದರು. ಗೀಟು ಇಲ್ಲದೆ ತಾನು ಯಾರ ಅರ್ಜಿಯನ್ನೂ ಒಯ್ಯುವುದಿಲ್ಲ, ತನ್ನ ಅಪ್ಪನದಾದರೂ ಒಯ್ಯುವುದಿಲ್ಲ ಎಂದು ಇವನು ಹಟ ಹಿಡಿದ. ಭಾನುವಾರ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದವನು ಅಂಗಡಿ ನಡೆಯುವ ದಿನ ಬಂದದ್ದೇ ಇರಲಿಲ್ಲ.

ಮಾರನೆಯ ದಿನ ಒಂಬತ್ತು ಗಂಟೆಗೆ ಸ್ಟೂಲ್ ಹಾಕಿಕೊಂಡು ಕೂತ. ಭಾವ ಅಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಮೊದಲು ವೈದ್ಯರೊಬ್ಬರ ಫೋನ್ ಬಂತು, ಭಾವ ಇಪ್ಪತ್ತು ನಿಮಿಷ ಮಾತಾಡಿದರು. ಬಾಯಿಯ ಕೆಳಗೆ ನಾಲ್ಕು ಗೀಟು. ಒಬ್ಬ ಅಜ್ಜಿ ಬಂದು ಹೊಸ ಹಲ್ಲಿನಲ್ಲಿ ಕಡಲೆ ತಿನ್ನಬಹುದಾ ಎಂದು ಕೇಳಿದರು. ಭಾವ ಕಡಲೆಯ ಬಗ್ಗೆ, ವಸಡಿನ ಬಗ್ಗೆ, ಹಿಂದಿನ ಕಾಲದ ವಸಡುಗಳ ಬಗ್ಗೆ ಹೇಳಿದರು. ಬಾಯಿಗೆ ಮತ್ತೆ ಐದು. ಆಮೇಲೆ ಪೇಪರು ಓದಿದರು, ಪೇಪರನ್ನು ಮಾರು ದೂರ ಹಿಡಿದು. ಕಣ್ಣಿಗೆ ಎರಡು ಗೀಟು ಹಾಕಿ, ಇದು ಸಂಪಾದನೆಯಲ್ಲ ಎಂದು ಹೊಳೆದು ಒಂದ್ವೇಳಪ್ಪ ಅವನ್ನು ಹೊಡೆದುಹಾಕಿದ. ಮಧ್ಯೆ ಮಧ್ಯೆ ಅಚ್ಚುಗಳು ಬರುತ್ತಿದ್ದವು. ಭಾವ ಅವನ್ನು ಟ್ರೇಯಲ್ಲಿ ಜೋಡಿಸಿ, ಒಳಕೋಣೆಯ ಗೋಡೆಯಲ್ಲಿದ್ದ ಪುಟ್ಟ ಕಿಂಡಿಯಿಂದ ಒಳಗೆ ತಳ್ಳಿ, ಬಾಗಿಲು ಹಾಕಿಬಿಡುತ್ತಿದ್ದರು. ಏನಿದು ಎಂದರೆ, ಒಣಗಬೇಕು ಎನ್ನುತ್ತಿದ್ದರು.

ಹನ್ನೊಂದೂವರೆಗೆ ಕೈಯ ಅಂಕಣದಲ್ಲಿ ಒಟ್ಟು ಆರು ಗೀಟು ಇದ್ದವು. ಅದರಲ್ಲಿ ನಾಲ್ಕು ಚಹಾದ ಲೋಟ ಎತ್ತಿದ್ದಕ್ಕೆ, ಒಂದು ಬೆನ್ನು ಕೆರೆದುಕೊಂಡದ್ದಕ್ಕೆ. ಅಷ್ಟರಲ್ಲಿ ಕಿಂಡಿಯ ಬಾಗಿಲು ಒಳಗಿನಿಂದ ಎರಡು ಸಲ ಬಡಿಯಿತು. ಭಾವ ಕೆಮ್ಮಿದರು. ಮತ್ತೆ ಬಡಿಯಿತು. ಅವರು ಇನ್ನೂ ಜೋರಾಗಿ ಕೆಮ್ಮುತ್ತಿದ್ದಂತೆ ಕಿಂಡಿ ತಾನಾಗಿ ತೆರೆದುಕೊಂಡು, ಒಂದು ಟ್ರೇ ಈಚೆ ಬಂತು. ಟ್ರೇಯಲ್ಲಿ ಮೂರು ಸೆಟ್ಟು ಹಲ್ಲು, ಗುಲಾಬಿ ವಸಡಿನ ಸಮೇತ ಪಾಲಿಶ್ ಆಗಿ, ಫಳಫಳ ಹೊಳೆಯುತ್ತ ನಗುತ್ತಿದ್ದವು. ಒಂದ್ವೇಳಪ್ಪ ಆ ಹಲ್ಲನ್ನು ನೋಡಿದ, ಭಾವನನ್ನು ನೋಡಿದ, ಸ್ಟೂಲಿನಿಂದ ಎದ್ದ. ಭಾವ ತಡೆಯಲಿಲ್ಲ. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಒಳಗೆ ಅಡುಗೆಮನೆಯ ಪಕ್ಕದ ಮೇಜಿನ ಮುಂದೆ ಅಕ್ಕ ಕೂತಿದ್ದಳು. ಮೂಗಿನ ಮೇಲೆ ಕನ್ನಡಕ, ಎದುರಿಗೆ ಸ್ಪಿರಿಟ್ ದೀಪ, ಕೈಯಲ್ಲಿ ಕಡ್ಡಿಯಷ್ಟು ತೆಳುವಾದ ಚಾಕು. ಮೇಣದ ಸಾಲಿನ ಮೇಲೆ ಒಂದು ಹಲ್ಲನ್ನು ಇಟ್ಟು, ತಲೆ ಓರೆ ಮಾಡಿ ನೋಡಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ನೋಡುತ್ತಿದ್ದಳು. ಒಂದು ಒಲೆಯ ಮೇಲೆ ಅನ್ನ, ಇನ್ನೊಂದರ ಮೇಲೆ ಕುದಿಯುವ ನೀರಿನಲ್ಲಿ ಯಾರದೋ ಮೇಲ್ದವಡೆ. ರೇಡಿಯೊ ತನ್ನ ಪಾಡಿಗೆ ಹಾಡುತ್ತಿತ್ತು. ತಮ್ಮನನ್ನು ನೋಡಿ ಅವಳೇನೂ ಗಾಬರಿಯಾಗಲಿಲ್ಲ, ಕಾಲು ಒರೆಸಿಕೊಂಡು ಬಾ, ಹಲ್ಲಿಗೆ ಧೂಳು ಕೂರುತ್ತೆ ಎಂದಳು.

ಇದು ಶುರುವಾಗಿ ಹನ್ನೊಂದು ವರ್ಷ. ಭಾವನಿಗೆ ಹತ್ತಿರದ್ದು ಕಾಣದಾಯಿತು, ಕನ್ನಡಕ ಹಾಕಿದರೆ ಮರ್ಯಾದೆ ಹೋಗುತ್ತದೆಂದು ಹಾಕಲಿಲ್ಲ. ಆಮೇಲೆ ಬೆರಳು ಸಣ್ಣಗೆ ನಡುಗಲು ಶುರುವಾಯಿತು. ಮೊದಲು ಹಿಂದಿನ ದವಡೆಹಲ್ಲು ಮಾತ್ರ ಅಕ್ಕನ ಪಾಲಿಗೆ ಬಂತು, ಆಮೇಲೆ ಕೆಳಸಾಲು ಪೂರ್ತಿ, ಆಮೇಲೆ ಪಾಲಿಶ್. ಮುಂದಿನ ಆರು ಹಲ್ಲು ಮಾತ್ರ ಅವರು ಯಾರಿಗೂ ಬಿಟ್ಟಿರಲಿಲ್ಲ, ನಾಲ್ಕು ವರ್ಷದ ಹಿಂದೆ ಅದೂ ಒಳಗೆ ಬಂತು. ಇಷ್ಟನ್ನೂ ಅಕ್ಕ ಚಾಕು ಕೆಳಗಿಡದೆ, ಸೊಪ್ಪು ಬಿಡಿಸುವಾಗ ಹೇಳುವ ಹಾಗೆ ಹೇಳಿದಳು. ಭಾನುವಾರ ಎಲ್ಲವನ್ನೂ ಕಪಾಟಿನಲ್ಲಿ ಇಟ್ಟು ಬೀಗ ಹಾಕಿರುತ್ತಿದ್ದಳಂತೆ. ಹಿಂದೊಮ್ಮೆ ಸಕ್ಕರೆ ಡಬ್ಬಿಯಲ್ಲಿ ಕೋರೆಹಲ್ಲು ಸಿಕ್ಕಿದಾಗ ಅದು ಭಾವನ ಮರೆವು ಎಂದು ಒಂದ್ವೇಳಪ್ಪ ನಕ್ಕು ಸುಮ್ಮನಾಗಿದ್ದ.

“ನನಗೆ ಯಾಕೆ ಹೇಳಲಿಲ್ಲ?” ಎಂದ.

“ನೀನು ಕೇಳಲಿಲ್ಲ.”

ಆ ಮಾತು ಅವನಿಗೆ ನೆಟ್ಟಗೆ ನಾಟಿತು. ಊರಿನ ಕಂಡ ಕಂಡವರ ಸೊಂಟ, ಮಂಡಿ, ಮಣಿಕಟ್ಟು ವಿಚಾರಿಸಿದವನು, ಹದಿನಾಲ್ಕು ವರ್ಷದಲ್ಲಿ ಸ್ವಂತ ಅಕ್ಕನನ್ನು ನೀನು ದಿನವಿಡೀ ಏನು ಮಾಡುತ್ತೀಯ ಎಂದು ಒಂದು ಸಲವೂ ಕೇಳಿರಲಿಲ್ಲ. ನಾಚಿಕೆಯಾಯಿತು. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದು, ಅಲ್ಲೇ ಬಾಗಿಲ ಬಳಿ ನೆಲದ ಮೇಲೆ ಕೂತ. ಕೈ. ಕೈ, ಕಣ್ಣು. ಕೈ. ಕೈ, ಕಣ್ಣು. ಸಂಜೆ ಐದಕ್ಕೆ ಕೈಯ ಅಂಕಣ ಪುಟ ತುಂಬಿ ಹಾಳೆಯ ಹಿಂಬದಿಗೂ ಹೋಗಿತ್ತು.

ಅವತ್ತು ಅವನು ಬಾಯಿ ಮುಚ್ಚಿಕೊಂಡು ಹೋಗಿಬಿಡಬಹುದಿತ್ತು. ಭಾವ ಬರೆದ ಅರ್ಜಿ ಹಾಗೇ ಇತ್ತು, ಸಹಿಯೂ ಆಗಿತ್ತು. ಆದರೆ ಭಾವನ ಕೈ ಮುರಿದರೆ ಅಂಗಡಿಯಲ್ಲಿ ಚಹಾದ ಲೋಟ ಎತ್ತುವವರಿಲ್ಲದೆ ಹೋಗುತ್ತದೆ, ಅಷ್ಟೆ. ಹಲ್ಲುಗಳು ಎಂದಿನಂತೆ ಕಿಂಡಿಯಿಂದ ಬರುತ್ತಲೇ ಇರುತ್ತವೆ, ಕಂಪನಿಯವರು ಬಂದು ನೋಡಿದರೆ ಮೋಸದ ಕೇಸು. ಅಕ್ಕನ ಕೈ ಮುರಿದರೆ ಮನೆಗೆ ಬರುವ ಸಂಪಾದನೆ ಅಂದೇ ನಿಲ್ಲುತ್ತದೆ. ಆದಾಯ ಇಲ್ಲದ ಗೃಹಿಣಿಯ ಕೈಗೆ ಯಾವ ಕಂಪನಿಯೂ ಬಿಡಿಗಾಸು ಕೊಡುವುದಿಲ್ಲ. ಅವನಿಗೆ ಅಡುಗೆಯವನ ಎಡಗೈ ನೆನಪಾಯಿತು.

ಊಟದ ಮೇಜಿನ ಮೇಲೆ ಎರಡು ಪುಟಗಳನ್ನೂ ಪಕ್ಕಪಕ್ಕ ಇಟ್ಟು, ಆದಷ್ಟು ಮೆತ್ತಗೆ ವಿವರಿಸಿದ. ವಿಮೆ ಬೇಕಾಗಿರುವುದು ಅಕ್ಕನ ಕೈಗೆ. ಅದಕ್ಕೆ ಅವಳು ಅಂಗಡಿಯಲ್ಲಿ ಸಂಬಳಕ್ಕಿದ್ದಾಳೆಂದು ಭಾವ ಕಾಗದ ಬರೆದುಕೊಡಬೇಕು, ಒಂದು ವರ್ಷ ಸಂಬಳ ಕೊಟ್ಟ ದಾಖಲೆ ಇರಬೇಕು. ಮೊದಲು ನಕ್ಕವಳು ಅಕ್ಕನೇ. ತನ್ನ ಕೈಗೆ ಏನಾಗುತ್ತದೆ, ಕಲ್ಲಿನಂಥ ಕೈ ಎಂದಳು.

“ಅಕ್ಕಾ, ಒಂದುವೇಳೆ...” ಎಂದವನಿಗೆ ಮುಂದೆ ಮಾತು ಹೊರಡಲಿಲ್ಲ. ಅಪರಿಚಿತರ ಕೈಕಾಲನ್ನು ಸಲೀಸಾಗಿ ಮುರಿಯುತ್ತಿದ್ದ ಬಾಯಿಗೆ ಅಕ್ಕನ ಕೈ ಮುರಿಯಲು ಬರಲಿಲ್ಲ.

“ಹೇಳು, ಹೇಳು. ಊರಿಗೆಲ್ಲ ಹೇಳ್ತೀಯ,” ಎಂದಳು ಅವಳು. ನಗು ನಿಂತಿತ್ತು.

ಅವನು ಹೇಳಿದ. ಕಾಯುವ ಮೂರು ತಿಂಗಳ ಲೆಕ್ಕದಿಂದ ಹಿಡಿದು ಹೋಟೆಲ್ ಮಾಲೀಕರ ಕಥೆ, ಸ್ವಂತ ಕಸುಬಿನ ಪಾಲಿಸಿಯವರೆಗೆ ಎಲ್ಲವನ್ನೂ ಹೇಳಿದ. ಅವನ ಜೀವಮಾನದಲ್ಲಿ ಯಾರೂ ಅಷ್ಟು ಗಮನವಿಟ್ಟು ಕೇಳಿರಲಿಲ್ಲ. ಭಾವ ಮಾತ್ರ ಗೋಡೆ ನೋಡುತ್ತಿದ್ದರು. ಕೊನೆಗೆ ಎದ್ದು, ತಾವು ತುಂಬಿದ ಅರ್ಜಿಯನ್ನು ನಾಲ್ಕು ಚೂರು ಮಾಡಿ ತಟ್ಟೆಯ ಪಕ್ಕ ಇಟ್ಟರು.

“ಅವಳು ಸ್ವಲ್ಪ ಸಹಾಯ ಮಾಡ್ತಾಳೆ ಅಷ್ಟೆ. ಅದಕ್ಕೆ ಕಾಗದ ಬೇರೆ ಬರೀಬೇಕಾ?”

ತಟ್ಟೆ ಒರೆಸುತ್ತಿದ್ದ ಅಕ್ಕನ ಕೈ ನಿಂತಿತು. ಒಂದ್ವೇಳಪ್ಪ ಚೀಲ ಎತ್ತಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದ.

ಮಾರನೆಯ ಬೆಳಿಗ್ಗೆ ಅಕ್ಕ ಹಳೆಯ ದುಪಟ್ಟಾ ಒಂದರಲ್ಲಿ ಬಲಗೈಯನ್ನು ಕೊರಳಿಗೆ ಜೋಲಿ ಕಟ್ಟಿಕೊಂಡು, ತನ್ನ ಕೈ ಮುರಿದಿದೆ ಎಂದು ಗಂಡನಿಗೆ ತಿಳಿಸಿದಳು. ತಿಳಿಸಿ, ಜೋಲಿಯಿಂದ ಕೈ ತೆಗೆದು ಚಹಾ ಸೋಸಿದಳು. ಮಧ್ಯಾಹ್ನ ಹಿಟ್ಟು ನಾದಿದಳು, ಬಟ್ಟೆ ಹಿಂಡಿದಳು. ಕಿಂಡಿಯಿಂದ ಟ್ರೇ ಬಂದಾಗ ಮಾತ್ರ ಕೈ ಜೋಲಿಗೆ ಹೋಗಿ ಕೂರುತ್ತಿತ್ತು. ಇದೇನು ಆಟ ಎಂದು ಭಾವ ಕಣ್ಣು ಕೆಂಪಗೆ ಮಾಡಿದರು. ಆಟವಲ್ಲ, ಇದು ಸ್ವಂತ ಕಸುಬಿನ ಪಾಲಿಸಿ, ಬೇರೆ ಕೆಲಸ ಏನು ಬೇಕಾದರೂ ಮಾಡಬಹುದು, ಹಲ್ಲು ಜೋಡಿಸಲು ಮಾತ್ರ ಆಗುವುದಿಲ್ಲ, ನನ್ನ ತಮ್ಮ ಬಿಡಿಸಿ ಹೇಳಿದ್ದಾನೆ ಎಂದಳು. ಮೂರು ತಿಂಗಳು ಕಾಯಬೇಕಂತೆ, ನಾನು ಅಷ್ಟು ಕಾಯಿಸುವುದಿಲ್ಲ, ಒಂಬತ್ತು ದಿನ ನೋಡೋಣ ಎಂದೂ ಸೇರಿಸಿದಳು. ಫೋನಿನಲ್ಲಿ ಇದನ್ನು ಕೇಳಿದ ಒಂದ್ವೇಳಪ್ಪ, ತನ್ನ ಮ್ಯಾನೇಜರಿಗೂ ಪಾಲಿಸಿ ಇಷ್ಟು ಚೆನ್ನಾಗಿ ಅರ್ಥವಾಗಿಲ್ಲವೆಂದು ಒಪ್ಪಿಕೊಂಡ. ಅಕ್ಕ ಸಂಸಾರ ಒಡೆಯುತ್ತಾಳೇನೋ ಎಂದು ಹೆದರಿಕೆಯೂ ಆಯಿತು.

ಭಾವ ಪಟ್ಟು ಬಿಡುವವರಲ್ಲ. ಉಳಿದ ವೈದ್ಯರಿಗೆಲ್ಲ ಮೇಣ ಸರಿ ಇಲ್ಲ, ಕರೆಂಟು ಸರಿ ಇಲ್ಲ ಎಂದು ಸಬೂಬು ಹೇಳಿದರು. ಒಂದು ಸೆಟ್ಟಿಗೆ ಮಾತ್ರ ಸಬೂಬು ನಡೆಯುವಂತಿರಲಿಲ್ಲ. ಅದು ನಿವೃತ್ತ ಡ್ರಿಲ್ ಮೇಷ್ಟ್ರದು. ಮೂರು ವರ್ಷದ ಹಿಂದೆ ಮಾಡಿಸಿದ ಸೆಟ್ಟು ಬಸ್ಸಿನಲ್ಲಿ ಸೀನಿದಾಗ ಕಿಟಕಿಯಿಂದ ಹೊರಗೆ ಹೋಗಿ, ಹಿಂದಿನ ಲಾರಿಯ ಗಾಲಿಗೆ ಸಿಕ್ಕಿತ್ತು. ವಾರ ಕಳೆದರೆ ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅವರಿಗೆ ಸನ್ಮಾನ ಮಾಡುವವರಿದ್ದರು, ಮೇಷ್ಟ್ರು ಭಾಷಣ ಮಾಡಬೇಕಿತ್ತು. ಭಾವ ಅಂಗಿಯ ತೋಳು ಮಡಿಸಿ, ಅಡುಗೆಮನೆಯ ಪಕ್ಕದ ಮೇಜಿಗೆ ಬಂದು ಕೂತರು. ಮೇಣ ಅಂಗೈಗೆ ಅಂಟಿತು, ದೀಪಕ್ಕೆ ಹುಬ್ಬಿನ ತುದಿ ಸುಟ್ಟಿತು. ಒಂದು ಬಾಚಿಹಲ್ಲು ಬೆರಳಿನಿಂದ ಚಿಮ್ಮಿ ಹೋಗಿ ಮಧ್ಯಾಹ್ನ ಸಾರಿನಲ್ಲಿ ಸಿಕ್ಕಿತು. ಅಕ್ಕ ಅದನ್ನು ಚಮಚದಲ್ಲಿ ಎತ್ತಿ, ತೊಳೆದು, ಅವರ ಮುಂದೆ ಇಟ್ಟಳು. ಹೇಳಿಕೊಡಲು ಅವಳ ತುಟಿ ತುರಿಸುತ್ತಿತ್ತು, ಆದರೆ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಐದನೆಯ ದಿನಕ್ಕೆ ಸೆಟ್ಟು ಸಿದ್ಧವಾಗಿ ವೈದ್ಯರ ಕೈ ಸೇರಿತು.

ಒಂಬತ್ತನೆಯ ದಿನ ಅಕ್ಕ ಹೇಳಿಕಳಿಸಿದ್ದರಿಂದ ಒಂದ್ವೇಳಪ್ಪನೂ ಅಂಗಡಿಯಲ್ಲಿದ್ದ. ಮೇಷ್ಟ್ರು ಬಂದರು. ಕೂತು, ಬಾಯಿ ತೆರೆದರೆ ಸೀಟಿ. ಮುಂದಿನ ಹಲ್ಲುಗಳ ನಡುವೆ ಎಲ್ಲೋ ಗಾಳಿಗೆ ದಾರಿಯಾಗಿ, ‘ಸ’ ಬಂದಾಗಲೆಲ್ಲ ಡ್ರಿಲ್ ಮೈದಾನದ ಸೀಟಿಯೇ ಮೊಳಗುತ್ತಿತ್ತು. ಹಿಂದಿನ ದಿನದ ಸಮಾರಂಭದಲ್ಲಿ ಅವರು ‘ಸಭಿಕರೇ’ ಎಂದು ಶುರು ಮಾಡುತ್ತಲೇ, ಐವತ್ತು ದಾಟಿದ ಇಪ್ಪತ್ತು ಮೂವತ್ತು ಜನ ಅಭ್ಯಾಸಬಲದಿಂದ ಎದ್ದು ಸಾಲಾಗಿ ನಿಂತುಬಿಟ್ಟರಂತೆ. ‘ಸಂತೋಷ’ ಎಂದಾಗ ಒಬ್ಬ ಬ್ಯಾಂಕ್ ಅಧಿಕಾರಿ ಎಡಕ್ಕೆ ತಿರುಗಿದನಂತೆ. ಇದನ್ನು ಹೇಳುತ್ತ ಹೇಳುತ್ತ ಮೇಷ್ಟ್ರು ಇನ್ನೂ ಹತ್ತು ಸೀಟಿ ಊದಿದರು. ಒಂದ್ವೇಳಪ್ಪ ನಗು ತಡೆಯಲಾರದೆ ಕಪಾಟಿನ ದವಡೆಗಳ ಕಡೆ ಮುಖ ತಿರುಗಿಸಿದ. ಅಲ್ಲಿ ನೋಡಿದರೆ ಅವೂ ನಗುತ್ತಿದ್ದವು.

ಮೇಷ್ಟ್ರಿಗೆ ಕೋಪವಿರಲಿಲ್ಲ, ನಿಜವಾದ ಗೊಂದಲವಿತ್ತು. ಸೆಟ್ಟು ತೆಗೆದು ಭಾವನ ಮುಂದಿಟ್ಟು, ಬೊಚ್ಚುಬಾಯಲ್ಲೇ ಕೇಳಿದರು.

“ಹೋದ ಸಲದ್ದು ಬಾಯಲ್ಲಿದೆ ಅಂತಲೇ ಗೊತ್ತಾಗ್ತಿರಲಿಲ್ಲ. ಇದ್ಯಾಕೆ ಹೀಗಾಯ್ತು? ಕೈ ಅದೇ ಅಲ್ವಾ?”

ಭಾವ ಹಲ್ಲನ್ನು ನೋಡಿದರು. ಹೌದು ಎಂದರೆ ಚಿನ್ನದ ಕೈ ಕೆಟ್ಟುಹೋಯಿತೆಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಅಲ್ಲ ಎಂದರೆ ಮುಂದಿನ ಪ್ರಶ್ನೆಗೆ ಉತ್ತರ ಕೊಡಬೇಕು. ಮೇಣದ ಸಬೂಬು, ಕರೆಂಟಿನ ಸಬೂಬು ಎಲ್ಲ ಅವರ ಮುಖದ ಮೇಲೆ ಬಂದು ಹೋದದ್ದು ಒಂದ್ವೇಳಪ್ಪನಿಗೆ ಕಾಣುತ್ತಿತ್ತು. ಕಿಂಡಿಯ ಹಿಂದೆ ರೇಡಿಯೊ ನಿಂತಿತು.

“ಅಲ್ಲ ಮೇಷ್ಟ್ರೇ,” ಎಂದರು ಭಾವ. “ಹೋದ ಸಲದ್ದು ನನ್ನ ಹೆಂಡತಿ ಮಾಡಿದ್ದು. ಇದು ನಾನು ಮಾಡಿದ್ದು.”

ಊರು ಏನಂದೀತು, ಕೈ ಯಾರದು ಎಂಬ ಯೋಚನೆ ಮೇಷ್ಟ್ರಿಗೆ ಬಂದ ಹಾಗಿರಲಿಲ್ಲ. ಅವರಿಗೆ ಊಟ ಮಾಡಬೇಕಿತ್ತು. ಹಾಗಾದರೆ ಅವರನ್ನೇ ಕರೀರಿ ಎಂದರು.

ಒಂಬತ್ತನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅಕ್ಕನ ಕೈ ವಾಸಿಯಾಯಿತು. ಅವಳು ಅಂಗಡಿಗೆ ಬಂದು, ಸೆಟ್ಟನ್ನು ಮೇಷ್ಟ್ರ ಬಾಯಲ್ಲಿ ಮತ್ತೆ ಕೂರಿಸಿ ನೋಡಿ, ಎರಡು ಹಲ್ಲನ್ನು ಬೆರಳಿನಲ್ಲಿ ತೋರಿಸಿ, ನಾಳೆ ಬನ್ನಿ ಎಂದಳು. ಆ ಸಂಜೆ ಭಾವ ಅಂಗಡಿಯ ಲೆಟರ್‌ಹೆಡ್ ತೆಗೆದು ಸಂಬಳದ ಕಾಗದ ಬರೆದರು. ಅಕ್ಕ ಮೊದಲ ತಿಂಗಳ ಸಂಬಳದಲ್ಲಿ ಅವರಿಗೊಂದು ಕನ್ನಡಕ ಮಾಡಿಸಿದಳು. ಕಿಂಡಿಯ ಬಾಗಿಲನ್ನು ಕಳಚಿ ಅಟ್ಟಕ್ಕೆ ಹಾಕಿದ್ದಾಯಿತು. ಗಿರಾಕಿಗಳೊಡನೆ ಮಾತಾಡುವುದಂತೂ ಭಾವನೇ, ಅದರಲ್ಲಿ ಅವರದು ಎತ್ತಿದ ಕೈ, ನೋಟ್‌ಬುಕ್ಕೇ ಸಾಕ್ಷಿ. ಚಿನ್ನದ ಕೈ ಎಂದು ಯಾರಾದರೂ ಹಳೆಯ ಅಭ್ಯಾಸದಲ್ಲಿ ಹೊಗಳಿದರೆ, ಮೊದಮೊದಲು ಕೆಮ್ಮುತ್ತಿದ್ದರು. ಆಮೇಲೆ ಒಳಕೋಣೆಯ ಕಡೆ ತೋರಿಸುವುದನ್ನು ಕಲಿತರು.

ಒಂದು ವರ್ಷ ಕಳೆದ ಮೇಲೆ ಒಂದು ಭಾನುವಾರ ಒಂದ್ವೇಳಪ್ಪ ಊಟದ ಮೇಜಿನ ಮೇಲೆ ಹೊಸ ಅರ್ಜಿ ಹರಡಿದ. ಹನ್ನೆರಡು ತಿಂಗಳ ಸಂಬಳದ ಚೀಟಿ ಒಂದು ಕಡೆ, ನೋಟ್‌ಬುಕ್ ಒಂದು ಕಡೆ. ಕಸುಬು ಏನೆಂದು ಬರೆಯಲಿ ಎಂದಾಗ ಅಕ್ಕ ಹಿಂದೆ ಮುಂದೆ ನೋಡಿ, ಸಹಾಯಕಿ ಅಂತ ಹಾಕು ಎಂದಳು. ಭಾವ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿ, ಹೋಟೆಲ್ ಮಾಲೀಕರ ಕಥೆ ಇನ್ನೊಂದು ಸಲ ಬೇಡ, ಹಲ್ಲಿನ ಸೆಟ್ಟು ತಯಾರಿಸುವವರು ಎಂದು ನೆಟ್ಟಗೆ ಬರಿ ಎಂದರು. ಇವನು ಹಾಗೇ ಬರೆದ. ಕೈ ಎಷ್ಟು ಪಾಲು, ಕಣ್ಣು ಎಷ್ಟು ಪಾಲು ಎಲ್ಲ ತುಂಬಿ, ಕೊನೆಯ ಪುಟಕ್ಕೆ ಬಂದ. ನಿಮ್ಮಿಂದ ಆಗದಿದ್ದಾಗ ನಿಮ್ಮ ಕೆಲಸವನ್ನು ಮಾಡಬಲ್ಲವರು ಬೇರೆ ಯಾರಾದರೂ ಇದ್ದಾರೆಯೇ?

ಅವನು ಓದಿ, ತಲೆ ಎತ್ತಲಿಲ್ಲ. ಅಕ್ಕ ಮೇಜಿನ ಮೇಲಿದ್ದ ಒಂದು ಅನ್ನದ ಅಗುಳನ್ನು ಬೆರಳಿನಲ್ಲಿ ಒತ್ತಿ ತೆಗೆಯುತ್ತಿದ್ದಳು. ಭಾವ ಕೈ ಚಾಚಿ ಪೆನ್ನು ಕೇಳಿದರು. ಅರ್ಜಿಯಲ್ಲಿ ಎರಡು ಕೈಬರಹ ಇದ್ದರೆ ಕಂಪನಿ ಕೊಂಕು ತೆಗೆಯುತ್ತದೆ ಎಂಬುದು ಒಂದ್ವೇಳಪ್ಪನಿಗೆ ಗೊತ್ತಿತ್ತು. ಪೆನ್ನು ಕೊಟ್ಟುಬಿಟ್ಟ. ಭಾವ ನಡುಗುವ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಸಣ್ಣ ಅಕ್ಷರದಲ್ಲಿ ‘ಯಾರೂ ಇಲ್ಲ’ ಎಂದು ಬರೆದರು. ಬರೆಯಲು ಬಹಳ ಹೊತ್ತು ಹಿಡಿಯಿತು.

ಅಕ್ಕ ಅರ್ಜಿಯನ್ನು ತನ್ನ ಕಡೆ ತಿರುಗಿಸಿಕೊಂಡು ಆ ಎರಡು ಪದಗಳನ್ನು ನೋಡಿದಳು. ಮೇಣದ ಮೇಲೆ ಹಲ್ಲು ಕೂರಿಸುವಾಗ ನೋಡುವಂತೆ, ತಲೆ ಓರೆ ಮಾಡಿ ನೋಡಿದಳು. ಕಣ್ಣು ತುಂಬಿತ್ತು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ ಅರ್ಜಿಯನ್ನು ಗಂಡನ ಕಡೆಗೇ ವಾಪಸು ತಳ್ಳಿದಳು.

“ಕೆಳಗೆ ಎರಡು ಗೆರೆ ಎಳೀರಿ,” ಎಂದಳು. “ಹೋದ ವರ್ಷ ನಿಮ್ಮದಕ್ಕೆ ಎಳೆದಿದ್ರಿ.”

ಭಾವ ಎಳೆದರು. ಎರಡೂ ಸೊಟ್ಟಗೆ ಬಂದವು. ಒಂದ್ವೇಳಪ್ಪ ಅರ್ಜಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡ, ಅಕ್ಕ ತಟ್ಟೆ ಹಾಕಲು ಎದ್ದಳು.